ತಾಲೀಮು ನಡೆದರೆ ಹಬ್ಬ ನಡೆದಂತೆ

ಹೈಕಳೇ, ಈ ಬೇಸಿಗೆಯಲ್ಲಿ ಕೆರೆ ದಂಡೆಯ ಮೇಲೆ ಮೂರು ದಿನದ ಕಲಾ ಉತ್ಸವ ಮಾಡುತ್ತೇವೆ ಅಂತ ಹೇಳಿ ಖರ್ಚಿನ ಪಟ್ಟಿಯನ್ನು ನನ್ನ ಕೈಗಿಟ್ಟು ಹೋದಿರಿ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದೆ. ಸ್ಟೇಜು, ಎಲ್‌ಇಡಿ ಪರದೆ, ಮೈಸೂರಿನ ಆರ್ಕೆಸ್ಟ್ರಾ, ಬೆಂಗಳೂರಿನ ಕಾಮಿಡಿ ತಂಡ, ಡಿಜೆ, ಜನರೇಟರು, ಊರ ಬಾಗಿಲಿಗೆ ಫ್ಲೆಕ್ಸು, ಗಣ್ಯರಿಗೆ ಶಾಲು, ಹಾರ, ಮೈಸೂರು ಪೇಟ. ಎಲ್ಲ ಇದೆ. ನಿಮ್ಮ ಹೆಸರುಗಳು ಮಾತ್ರ ಒಂದೇ ಕಡೆ ಇವೆ, ಚಂದಾ ಎತ್ತುವವರ ಸಾಲಿನಲ್ಲಿ.

ಉತ್ಸವ ಬೇಡ ಅನ್ನುವ ಮುದುಕ ನಾನಲ್ಲ. ಮಾಡಿ, ಜೋರಾಗಿಯೇ ಮಾಡಿ. ಆದರೆ ಮದುವೆ ಅಡುಗೆಯನ್ನು ಕಂಟ್ರಾಕ್ಟು ಕೊಟ್ಟ ಹಾಗೆ ಹಾಡು ಕುಣಿತಗಳನ್ನೂ ಕಂಟ್ರಾಕ್ಟು ಕೊಟ್ಟು ಊರಿಗೂರೇ ಕುರ್ಚಿ ಹಿಡಿದು ಕೂತರೆ, ನಾಲ್ಕನೇ ದಿನ ಬೆಳಿಗ್ಗೆ ನಮಗೆ ಉಳಿಯುವುದು ಪ್ಲಾಸ್ಟಿಕ್ ಲೋಟ ಮತ್ತು ಶಾಮಿಯಾನದ ಬಾಕಿ. ನನ್ನ ಕಿವಿಮಾತು ಒಂದೇ. ಆಟದ ರಾತ್ರಿಗೆ ಸುರಿಯಬೇಕೆಂದಿರುವ ದುಡ್ಡು, ಹೊತ್ತು, ಉಮೇದನ್ನು ಅದರ ಹಿಂದಿನ ಒಂದು ತಿಂಗಳ ತಾಲೀಮಿಗೆ ಹಾಕಿ. ತಾಲೀಮು ಸರಿಯಾಗಿ ನಡೆದಿದ್ದರೆ, ಆಟದ ರಾತ್ರಿ ಮಳೆ ಹೊಯ್ದು ಎಲ್ಲ ನಿಂತುಹೋದರೂ ಊರಿಗೆ ನಷ್ಟವಿಲ್ಲ.

ನಮ್ಮ ಸೀಮೆಯಲ್ಲಿ ಬೇಸಿಗೆ ಆಟದ ಕಾಲ ಆದದ್ದು ಸುಮ್ಮನೆ ಅಲ್ಲ. ರಾಗಿ ಒಕ್ಕಣೆ ಮುಗಿದು, ಹುಲ್ಲು ಮೆದೆ ಏರಿ, ಯುಗಾದಿಗೆ ಹೊನ್ನಾರು ಕಟ್ಟಿ, ಮಾರನೇ ದಿನ ಹೊಸತೊಡಕು ಉಂಡರೆ ಮುಂಗಾರಿನ ಹದ ಬರುವವರೆಗೆ ರೈತನ ಕೈ ಖಾಲಿ. ಕೆರೆ ನೀರು ಇಳಿದು ದಂಡೆ ಅಗಲವಾಗಿರುತ್ತದೆ, ಹೊಲಕ್ಕೆ ಗೋಡು ಮಣ್ಣು ಹೊಡೆಯುವ ಕೆಲಸ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಆ ಸಂದಿನಲ್ಲೇ ಮಾರಿಹಬ್ಬ, ಕೊಂಡ, ಹರಿಸೇವೆ, ಬಯಲಾಟ, ನಾಟಕ ಎಲ್ಲ ಬಂದು ಕೂತವು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಊರುಗಳಲ್ಲಿ ಕಬ್ಬು, ಬೇಸಿಗೆ ಭತ್ತ ಅಂತ ಈ ಬಿಡುವು ಕರಗಿತು. ಮಳೆ ನಂಬಿದ ನಾಗಮಂಗಲದ ಕಡೆ ದುಡ್ಡು ಕಡಿಮೆ, ಬಿಡುವು ಮಾತ್ರ ಬಹುಕಾಲ ಉಳಿಯಿತು. ಬಯಲಾಟ ಅತ್ತ ಗಟ್ಟಿಯಾಗಿ, ದುಡ್ಡು ಕೊಟ್ಟು ಪಾತ್ರ ಕಟ್ಟುವ ಪೌರಾಣಿಕ ನಾಟಕ ಇತ್ತ ಗಟ್ಟಿಯಾಗಿ ನಿಂತದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗನ್ನಿಸುತ್ತದೆ. ಪಂಡಿತರು ಒಪ್ಪದಿದ್ದರೆ ಬೇಡ.

ತಾರೀಖು ಗೊತ್ತು ಮಾಡುವಾಗ ಗಣ್ಯರ ಡೈರಿ ನೋಡುವ ಬದಲು ಮಳೆ ನಕ್ಷತ್ರ ನೋಡಿ. ಭರಣಿ ಏಪ್ರಿಲ್ ಕೊನೆಗೆ ಹುಟ್ಟುತ್ತದೆ, ಕೃತ್ತಿಕೆ ಮೇ ಎರಡನೇ ವಾರಕ್ಕೆ. ಕೃತ್ತಿಕೆ ಬಂದು ನೆಲ ಹದವಾದರೆ ಉಳುವವನು ನಿಮ್ಮ ನಾಟಕ ನೋಡುತ್ತಾ ಕೂರುವುದಿಲ್ಲ, ಕೂರಲೂಬಾರದು. ಅಷ್ಟರೊಳಗೆ ಮುಗಿಸಿ. ಸರ್ಕಾರಿ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ ಇರುವುದರಿಂದ ತಾಲೀಮಿಗೆ ಜಾಗ ಹುಡುಕಬೇಕಾಗಿಲ್ಲ, ಶಾಲೆಯ ಜಗಲಿಯೇ ಸಾಕು. ಹೆಡ್‌ಮಾಸ್ಟರರನ್ನು ಮೊದಲೇ ಕೇಳಿಕೊಳ್ಳಿ. ಬೀಗದ ಕೈಗಾಗಿ ಕೊನೆ ಗಳಿಗೆಯಲ್ಲಿ ಜಗಳ ಬೇಡ.

ರಂಗದ ಕುಣಿತವನ್ನು ನಿಮ್ಮ ಪಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಮಾರಿಹಬ್ಬಕ್ಕೆ ಮೊದಲು ಗುಡಿಯ ಮುಂದಿನ ರಂಗದಲ್ಲಿ ರಾತ್ರಿ ಊರ ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರಲ್ಲ, ಅದನ್ನು ನೀವು ಕಲೆ ಅಂತ ಲೆಕ್ಕಕ್ಕೇ ಹಿಡಿದಿಲ್ಲ. ಅಲ್ಲಿ ಟಿಕೆಟ್ಟಿಲ್ಲ, ಸ್ಟೇಜಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಅಂತಿಲ್ಲ. ತಮಟೆಯ ಗತ್ತು ಹಿಡಿಯಬಲ್ಲ ಹುಡುಗ ಅಪ್ಪನ ಪಕ್ಕ, ಅಪ್ಪ ತಾತನ ಪಕ್ಕ. ಹೆಜ್ಜೆ ತಪ್ಪಿದವನನ್ನು ಯಾರೂ ಹೊರಗೆ ಕಳಿಸುವುದಿಲ್ಲ, ಎರಡು ಸುತ್ತು ಬರುವುದರೊಳಗೆ ತಾನೇ ಸರಿಹೋಗುತ್ತಾನೆ. ಪೂಜಾ ಕುಣಿತ, ಪಟ ಕುಣಿತ ಕೂಡ ನಮ್ಮ ಮಂಡ್ಯ ಸೀಮೆಯ ಹೆಮ್ಮೆಯೇ. ಸರ್ಕಾರದ ಮೆರವಣಿಗೆಗಳಲ್ಲಿ ನಮ್ಮವರನ್ನು ಎಲ್ಲೆಲ್ಲಿಗೋ ಕರೆಸಿಕೊಳ್ಳುತ್ತಾರೆ. ಬಿದಿರಿನ ಚೌಕಟ್ಟಿಗೆ ದೇವಿಯ ಮುಖ ಕಟ್ಟಿ, ಸೀರೆ ಹೂವು ಏರಿಸಿ, ಅದನ್ನು ತಲೆಯ ಮೇಲೆ ಹೊತ್ತು ಕೈ ಬಿಟ್ಟು ಕುಣಿಯುವವನ ಕತ್ತಿನ ಬಲ ಒಂದು ವಾರದಲ್ಲಿ ಬರುವುದಲ್ಲ. ಪಟದ ಉದ್ದನೆಯ ಬಿದಿರು ಗಾಳಿಗೆ ವಾಲಿದಾಗ ಸೊಂಟ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಹೇಳಿಕೊಡುವವರು ಇನ್ನೂ ಒಬ್ಬಿಬ್ಬರು ಊರೂರಿನಲ್ಲಿ ಇದ್ದಾರೆ. ಅವರ ಮುಂದೆ ನಾಲ್ಕು ಹುಡುಗರನ್ನು ನಿಲ್ಲಿಸುವುದೇ ಒಂದು ಉತ್ಸವ.

ನಾಟಕದ ವಿಷಯಕ್ಕೆ ಬರೋಣ, ಅದರ ಬಗ್ಗೆ ನನಗೆ ಹೇಳುವುದು ಹೆಚ್ಚು. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದವಂತೆ. ನಮ್ಮ ಹಳ್ಳಿಗಳಿಗೆ ಆನೆ ಬರಲಿಲ್ಲ, ನಾಟಕ ಬಂತು. ಬಂದದ್ದು ಹೋಗಲೇ ಇಲ್ಲ. ಇವತ್ತಿಗೂ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಕಡೆ ಬೇಸಿಗೆ ರಾತ್ರಿ ಬಸ್ಸಿನಲ್ಲಿ ಹೋದರೆ ಯಾವುದಾದರೂ ಒಂದು ಊರಿನಲ್ಲಿ ಸೀನರಿ ಕಟ್ಟಿ, ಬಣ್ಣದ ದೀಪ ಹಾಕಿ ಕೌರವ ಪಾಂಡವರು ಎದುರುಬದುರು ನಿಂತಿರುತ್ತಾರೆ. ಪೇಟೆಯವರು ಇದನ್ನು ನೋಡಿ ನಗುವುದುಂಟು. ಜರಿ ಅಂಗಿ, ಮಿಣಮಿಣ ಕಿರೀಟ, ಮೈಕಿಗೆ ಬಾಯಿ ಇಟ್ಟು ಹಾಡುವ ಭೀಮ, ಹಾಡು ಮುಗಿದ ಮೇಲೆ ಒನ್ಸ್‌ಮೋರ್. ನಗಲಿ ಬಿಡಿ. ಅವರಿಗೆ ಕಾಣುವುದು ಆಟದ ರಾತ್ರಿ ಮಾತ್ರ.

ತಾಲೀಮಿನ ಮನೆಯಲ್ಲಿ ಆಗುವುದೇ ಬೇರೆ. ಹಾರ್ಮೋನಿಯಂ ಮೇಷ್ಟ್ರು ಸಂಜೆ ಏಳಕ್ಕೆ ಬಂದು ಶ್ರುತಿ ಹಿಡಿದು ಕೂರುತ್ತಾರೆ. ಹಾಲು ಹಾಕಿ, ದನ ಕಟ್ಟಿ, ಉಂಡು ಒಬ್ಬೊಬ್ಬರೇ ಬರುತ್ತಾರೆ. ಓದು ಬಾರದವನಿಗೆ ಪಕ್ಕದವನು ಮಾತು ಹೇಳಿಕೊಡುತ್ತಾನೆ, ಅವನು ಕಿವಿಯಲ್ಲೇ ಕೇಳಿ ಪುಟಗಟ್ಟಲೆ ಬಾಯಿಪಾಠ ಮಾಡುತ್ತಾನೆ. ಹಗಲೆಲ್ಲ ಹೊಲದ ಬದುವಿಗಾಗಿ ಮಾತು ಬಿಟ್ಟಿದ್ದ ಇಬ್ಬರು ರಾತ್ರಿ ಕೃಷ್ಣಾರ್ಜುನರಾಗಿ ಒಬ್ಬರಿಗೊಬ್ಬರು ಭಾವ ಅನ್ನಬೇಕು. ಹಾಗೆ ಅಂದೂ ಅಂದೂ ಬದುವಿನ ಜಗಳ ಮುಗಿದದ್ದನ್ನು ನೋಡಿದವನು ನಾನು. ಹಳೇ ಪಾತ್ರಧಾರಿ ಬಂದು ಬೀಡಿ ಹಚ್ಚಿ ಮೂಲೆಯಲ್ಲಿ ಕೂತು, ಗದೆ ಹಿಡಿಯುವ ಕೈ ಹಾಗಲ್ಲ ಕಣೋ ಅಂತ ಎದ್ದು ತೋರಿಸುತ್ತಾನೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಮಟ್ಟು ಎಲ್ಲಿ ಎತ್ತಬೇಕು, ಸಭೆಗೆ ಬೆನ್ನು ಕೊಡದೆ ಹೇಗೆ ತಿರುಗಬೇಕು, ಎದುರಿನವನು ಮಾತು ಮರೆತರೆ ಹೇಗೆ ಎತ್ತಿಕೊಡಬೇಕು. ಇವನ್ನೆಲ್ಲ ಕಲಿತ ಹುಡುಗ ಮುಂದೆ ಪಂಚಾಯಿತಿ ಸಭೆಯಲ್ಲೂ ಬ್ಯಾಂಕಿನಲ್ಲೂ ತಲೆ ತಗ್ಗಿಸಿ ನಿಲ್ಲುವುದಿಲ್ಲ.

ಈ ನಾಟಕದಲ್ಲಿ ನನಗೆ ಸೇರದ್ದೂ ಇದೆ, ಮುಚ್ಚಿಡುವುದೇಕೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿಸಿಕೊಳ್ಳುವುದು ಮೊದಲನೆಯದು. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳಕ್ಕೆ ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ದುರ್ಯೋಧನನ ಪಾತ್ರ ಹೆಚ್ಚು ದುಡ್ಡು ಕೊಟ್ಟವನಿಗೆ, ಕೃಷ್ಣನ ಪಾತ್ರ ಅವನ ಭಾಮೈದನಿಗೆ ಹೋಗಿ, ನಿಜವಾದ ಕಂಠ ಇರುವ ಕೂಲಿ ಮಾಡುವ ಹುಡುಗ ಈಟಿ ಹಿಡಿದು ಸೈನಿಕನಾಗಿ ನಿಂತರೆ ಅದು ಕುರುಕ್ಷೇತ್ರವಲ್ಲ, ಹರಾಜು. ಖರ್ಚನ್ನು ಊರೊಟ್ಟಿನ ಚಂದಾದಲ್ಲಿ ತೆಗೆಯಿರಿ, ಪಾತ್ರವನ್ನು ಮೇಷ್ಟ್ರು ಕಂಠ ಕೇಳಿ ಕೊಡಲಿ. ಎರಡನೆಯದು, ಹೆಣ್ಣು ಪಾತ್ರ. ದ್ರೌಪದಿ, ಉತ್ತರೆ, ಕುಂತಿ ಎಲ್ಲರನ್ನೂ ಪೇಟೆಯಿಂದ ಬಾಡಿಗೆಗೆ ಕರೆಸುತ್ತೇವೆ. ಅವರು ಕಲಾವಿದೆಯರು, ಅವರ ಹೊಟ್ಟೆಪಾಡು, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮೂರಿನ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಸ್ಕೂಟಿ ಓಡಿಸುತ್ತಾರೆ, ಡೇರಿ ಸಂಘ ನಡೆಸುತ್ತಾರೆ. ರಂಗ ಹತ್ತುವುದು ಮಾತ್ರ ಬೇಡವೇ? ತಾಲೀಮನ್ನು ರಾತ್ರಿಯಿಂದ ಸಂಜೆ ಆರಕ್ಕೆ ತಂದರೆ, ಬೀಡಿ ಸಾರಾಯಿಯನ್ನು ಜಗಲಿಯಿಂದ ಆಚೆ ಇಟ್ಟರೆ ತಾಯಂದಿರು ಕಳಿಸುತ್ತಾರೆ. ಸೋಬಾನೆ ಹಾಡುವ ಅಜ್ಜಿಯರನ್ನೂ ಅದೇ ಜಗಲಿಗೆ ಕರೆತನ್ನಿ. ಅವರಿಗೆ ಮೈಕು ಕೊಟ್ಟು ಐದು ನಿಮಿಷ ಅನ್ನಬೇಡಿ. ಅವರ ಹಾಡು ಐದು ನಿಮಿಷಕ್ಕೆ ಶುರುವೇ ಆಗುವುದಿಲ್ಲ.

ಮೂರನೆಯದು ಹೇಳಲು ಬಾಯಿ ಕಹಿಯಾಗುತ್ತದೆ. ತಮಟೆ ಇಲ್ಲದೆ ನಮ್ಮ ಯಾವ ಹಬ್ಬವೂ ಏಳುವುದಿಲ್ಲ. ಆ ತಮಟೆಯವರನ್ನು ಮೆರವಣಿಗೆಯಲ್ಲಿ ಮುಂದೆ ಬಿಡುತ್ತೇವೆ, ಊಟದ ಪಂಕ್ತಿಯಲ್ಲಿ ಹಿಂದೆ. ಆರ್ಕೆಸ್ಟ್ರಾದವರಿಗೆ ಮುಂಗಡ, ತಮಟೆಯವರಿಗೆ ಎಲ್ಲ ಮುಗಿದ ಮೇಲೆ ಚೌಕಾಸಿ. ನಿಮ್ಮ ತಲೆಮಾರಿಗಾದರೂ ಇದು ನಿಲ್ಲಲಿ. ಅವರಿಗೂ ಮುಂಗಡ ಕೊಡಿ, ಮಾತಾಡಿದಷ್ಟೂ ಕೊಡಿ, ಪಕ್ಕದಲ್ಲಿ ಕೂತು ಉಣ್ಣಿ. ಇದಕ್ಕೆ ಯಾರಾದರೂ ಹಿರಿಯರು ಅಡ್ಡ ಬಂದರೆ ನನ್ನ ಹತ್ತಿರ ಕಳಿಸಿ.

ನಾಗಮಂಗಲದ ದಾರಿ ನಮಗೆ ದೂರವಲ್ಲ. ಅತ್ತಲಿನ ಮೂಡಲಪಾಯ ಯಕ್ಷಗಾನವನ್ನು ನಮ್ಮ ಹುಡುಗರು ಯೂಟ್ಯೂಬಿನಲ್ಲಾದರೂ ನೋಡಿದ್ದಾರೋ ಇಲ್ಲವೋ ಗೊತ್ತಿಲ್ಲ. ಯಕ್ಷಗಾನ ಅಂದರೆ ಕರಾವಳಿಯದು ಮಾತ್ರ ಅಂದುಕೊಂಡಿರುವವರೇ ಹೆಚ್ಚು. ಮದ್ದಳೆ, ತಾಳದ ಜೊತೆ ಮುಖವೀಣೆ ಏರುವ ಆ ಆಟದ ಸೊಗಸೇ ಬೇರೆ. ಅದನ್ನು ಹೊರಗಿನ ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಜೀ.ಶಂ. ಪರಮಶಿವಯ್ಯನವರು ಮುಖ್ಯರು. ಅವರು ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ಒಂದು ಓದುವ ವಿಷಯವಾಗಿ ನೆಲೆ ನಿಲ್ಲಲು ದುಡಿದವರು. ಅದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1915ರಲ್ಲಿ ಹುಟ್ಟಿ, ದೊಡ್ಡ ಸರ್ಕಾರಿ ಅಧಿಕಾರಿಯಾಗಿ, ಹಳ್ಳಿಹಳ್ಳಿಯ ಪದಗಳನ್ನು ಬರೆಸಿ, ಧ್ವನಿಮುದ್ರಿಸಿ, ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕವನ್ನು ತೆರೆದರು. ಬೆಂಗಳೂರಿಗೆ ಹೋಗುವಾಗ ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೀರಿ. ಮುಂದಿನ ಸಲ ಬಸ್ಸು ಇಳಿಯಿರಿ. ಒಂದೇ ತಾಲ್ಲೂಕಿನ ಇಬ್ಬರು ಇಡೀ ಕನ್ನಡ ನಾಡಿನ ಹಾಡು ಆಟಗಳನ್ನು ಕಾಪಾಡಲು ಹೊರಟರು ಅಂದರೆ ಆ ನೆಲದಲ್ಲಿ ಕಾಪಾಡುವಂಥದ್ದು ಏನೋ ಕೇಳಿ ಬೆಳೆದಿರಬೇಕಲ್ಲ. ಅತ್ತ ಕಡೆಯ ಒಂದು ಮೂಡಲಪಾಯ ಮೇಳವನ್ನು ಕರೆಸುವುದಾದರೆ ಒಂದು ರಾತ್ರಿಯ ಆಟಕ್ಕೆ ಮಾತ್ರ ಕರೆಸಬೇಡಿ. ಒಂದು ವಾರ ಇಟ್ಟುಕೊಳ್ಳಿ, ಬೆಳಿಗ್ಗೆ ಹುಡುಗರಿಗೆ ಹೆಜ್ಜೆ ಹೇಳಿಕೊಡಲಿ. ಡಿಜೆಗೆ ತೆಗೆದಿಟ್ಟ ದುಡ್ಡಿನಲ್ಲಿ ಅವರ ಒಂದು ವಾರದ ಊಟ, ವಸತಿ, ಸಂಭಾವನೆಯ ದೊಡ್ಡ ಪಾಲು ಕಳೆಯುತ್ತದೆ.

ಒಂದು ಸಂಜೆಯನ್ನು ಓದಿಗೂ ಹಾಡಿಗೂ ಇಡಿ. ಕವಿಗೋಷ್ಠಿ ಬೇಡ, ನಿಮ್ಮ ಕಾಲಿಗೆ ಬೀಳುತ್ತೇನೆ. ಕವಿಗಳು ಕವಿಗಳಿಗೇ ಓದುತ್ತಾರೆ. ಅದರ ಬದಲು ಸುತ್ತಮುತ್ತಲಿನ ಊರಿನವರು ಬರೆದದ್ದನ್ನು ಹುಡುಗರೇ ಆಡಲಿ. ಮೈಸೂರು ಮಲ್ಲಿಗೆಯ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಕೆರೆ ಇರುವ, ಹೊಯ್ಸಳರ ಬ್ರಹ್ಮೇಶ್ವರ ಗುಡಿ ಇರುವ ಊರು. 1942ರಲ್ಲಿ ಆ ಪುಸ್ತಕ ಬಂದ ಮೇಲೆ ಎಷ್ಟು ಮದುವೆ ಮನೆಗಳಲ್ಲಿ ಅದನ್ನು ಉಡುಗೊರೆ ಕೊಟ್ಟರೋ ಲೆಕ್ಕ ಇಟ್ಟವರಿಲ್ಲ. ಆ ಹಾಡುಗಳಿಗೆ ಕ್ಯಾಸೆಟ್ಟಿನ ಧಾಟಿಯೇ ಬೇಕೆಂದಿಲ್ಲ, ನಮ್ಮ ಹಾರ್ಮೋನಿಯಂ ಮೇಷ್ಟ್ರು ಕೂರಿಸಿದ ಧಾಟಿಯಲ್ಲೇ ಹಾಡಲಿ. ನಗೆನಾಟಕ ಬೇಕು ಅಂತ ತಾನೇ ಬೆಂಗಳೂರಿನ ಕಾಮಿಡಿ ತಂಡ? ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರು ಫ್ರೆಂಚ್ ನಾಟಕಕಾರ ಮೋಲಿಯೇರನ ನಾಟಕವನ್ನು ಆಷಾಢಭೂತಿ ಅಂತ ಕನ್ನಡಕ್ಕೆ ತಂದಿದ್ದಾರೆ. ದೇವರ ಹೆಸರು ಹೇಳಿ ಮನೆ ಹೊಕ್ಕು ಯಜಮಾನನನ್ನೇ ಮರುಳು ಮಾಡುವ ಕಪಟಿಯ ಕಥೆ. ಅದನ್ನು ನಮ್ಮ ಊರಿನ ಮಾತಿನಲ್ಲಿ ಆಡಿದರೆ ಜನ ಬಿದ್ದು ಬಿದ್ದು ನಗುತ್ತಾರೆ, ಒಬ್ಬಿಬ್ಬರು ಎದ್ದೂ ಹೋಗಬಹುದು.

ಮೇಲುಕೋಟೆ ನಮ್ಮ ಪಾಂಡವಪುರ ತಾಲ್ಲೂಕಿನದೇ. ಕವಿ ಪು.ತಿ.ನ. ಅಲ್ಲಿ ಹುಟ್ಟಿ ಬೆಳೆದವರು, ಅವರ ಮನೆ ಈಗ ಸ್ಮಾರಕ. ಅವರ ಗೋಕುಲ ನಿರ್ಗಮನ ಗೀತನಾಟಕವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದಾಗ ನಾಡೆಲ್ಲ ಮಾತಾಡಿಕೊಂಡಿತು. ಅದು ಹಗುರವಲ್ಲ, ನಿಮಗೆ ಈ ವರ್ಷ ಬೇಡ, ಕಂಠ ಕೂತ ಮೇಲೆ ನೋಡೋಣ. ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿ. ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿರುವ ಮೊದಲ ನಾಟಕ ಸಿಂಗರಾರ್ಯನ ಮಿತ್ರವಿಂದಾ ಗೋವಿಂದ. ಅದು ಹುಟ್ಟಿದ್ದು ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ, ಮುನ್ನೂರು ವರ್ಷಕ್ಕೂ ಹಿಂದೆ. ಹರ್ಷನ ರತ್ನಾವಳಿಯನ್ನು ಅನುಸರಿಸಿ ಬರೆದದ್ದು. ಶ್ರೀರಂಗಪಟ್ಟಣ ಅಂದರೆ ಟಿಪ್ಪು, ಕೋಟೆ, ಯುದ್ಧ ಅಂತಲೇ ಹೇಳಿ ಮುಗಿಸುವ ಗೈಡುಗಳು ಇದನ್ನೊಂದು ಸೇರಿಸಿ ಹೇಳಬಾರದೆ?

ಇನ್ನು ಕೆರೆ. ಉತ್ಸವಕ್ಕೆ ಕೆರೆಯ ಹೆಸರಿಟ್ಟಿದ್ದೀರಿ, ಕೆರೆಗೆ ಅದರಿಂದ ಆಗಬೇಕಾದದ್ದೇನು ಅಂತ ಕೇಳಿಕೊಂಡಿದ್ದೀರಾ? ಕೆರೆತೊಣ್ಣೂರನ್ನು ನೋಡಿ. ಗುಡ್ಡಗಳ ನಡುವೆ ಕಟ್ಟಿದ ಆ ಕೆರೆಯ ನೀರಿನ ತಿಳಿ ಕಂಡು 1746ರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ನಿಜಾಮನ ಮಗ ನಾಸಿರ್ ಜಂಗ್ ಅದನ್ನು ಮೋತಿ ತಲಾಬ್ ಅಂತ ಕರೆದನಂತೆ. ಅದಕ್ಕೂ ಎಷ್ಟೋ ಹಿಂದಿನಿಂದ ಅದು ತಿರುಮಲಸಾಗರ. ಹೊಯ್ಸಳ ವಿಷ್ಣುವರ್ಧನ ರಾಮಾನುಜರನ್ನು ಕಂಡದ್ದು ಇಲ್ಲೇ ಅಂತ ನಂಬಿಕೆ. ನಂಬಿನಾರಾಯಣನ ಗುಡಿ, ಕೃಷ್ಣನ ಗುಡಿ, ಗುಡ್ಡದ ಮೇಲೆ ಯೋಗಾನರಸಿಂಹ, ಜೊತೆಗೇ ಹದಿನಾಲ್ಕನೇ ಶತಮಾನದ್ದೆನ್ನುವ ದರ್ಗಾ. ಶತ್ರು ಸೈನ್ಯಕ್ಕೆ ನೀರು ಸಿಗಬಾರದು ಅಂತ ಟಿಪ್ಪು ಇದರ ಏರಿಯನ್ನು ಒಡೆಸಿದ್ದೂ ಉಂಟು. ಆಮೇಲೆ ಮತ್ತೆ ಕಟ್ಟಿದರು. ಇಷ್ಟೆಲ್ಲ ಇರುವ ಜಾಗಕ್ಕೆ ಭಾನುವಾರ ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಇಳಿಯುತ್ತಾರೆ, ಈಜುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ, ಬಾಟಲಿ ಬಿಸಾಡಿ ಹೋಗುತ್ತಾರೆ. ಅವರನ್ನು ಬೈದು ಏನು ಬಂತು, ಹೇಳುವವರು ಯಾರಿದ್ದಾರೆ ಅಲ್ಲಿ? ನಿಮ್ಮ ಉತ್ಸವದಲ್ಲಿ ಬೆಳಗ್ಗೆ ಆರಕ್ಕೆ ಊರಿನ ಹುಡುಗಿಯರೂ ಹುಡುಗರೂ ಮುಂದೆ ನಡೆದು, ತೂಬು ಎಲ್ಲಿ, ಕೋಡಿ ಎಲ್ಲಿ, ಯಾವ ಗುಡಿಯಲ್ಲಿ ಏನಿದೆ, ಯಾವ ಅಜ್ಜ ಏನು ಹೇಳುತ್ತಿದ್ದ ಅಂತ ಕಥೆ ಹೇಳುತ್ತಾ ಕೆರೆ ಸುತ್ತಿಸಲಿ. ಅದಕ್ಕೂ ತಾಲೀಮು ಬೇಕು. ಒಂದೊಂದು ಕಲ್ಲಿನ ಮುಂದೆಯೂ ಎರಡು ನಿಮಿಷ ತಪ್ಪಿಲ್ಲದೆ, ಬುರುಡೆ ಬಿಡದೆ ಮಾತಾಡುವುದು ದುರ್ಯೋಧನನ ಪಾತ್ರಕ್ಕಿಂತ ಸುಲಭವೇನಲ್ಲ.

ಕನ್ನಂಬಾಡಿಯ ಕಥೆಯೂ ಆ ನಡಿಗೆಯಲ್ಲಿ ಬರಲಿ. ಕಟ್ಟೆ ಕಟ್ಟಿದಾಗ ಊರಿನ ಜೊತೆ ಮುಳುಗಿದ ವೇಣುಗೋಪಾಲನ ಗುಡಿ, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ತಲೆ ಎತ್ತುತ್ತಿತ್ತು. ಜನ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದರು. ಈಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯ ದಂಡೆಯ ಮೇಲೆ ಮತ್ತೆ ನಿಲ್ಲಿಸಿದ್ದಾರೆ. ಮುಳುಗಿದ ಊರಿನ ಮನೆತನದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ಮನೆಯ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಿ.

ಕೆರೆ ಏರಿಯ ಮೇಲೆ ಸ್ಟೇಜು ಹಾಕುವ ಮಾತನ್ನು ಬಿಟ್ಟುಬಿಡಿ. ಫೋಟೋಗೆ ಚೆನ್ನ, ಏರಿಗೆ ಕೇಡು. ಕಂಬಕ್ಕೆ ಗುಂಡಿ ತೆಗೆದ ಕಡೆಯೇ ಮಳೆಗಾಲದಲ್ಲಿ ನೀರು ದಾರಿ ಹುಡುಕುತ್ತದೆ. ಶಾಲೆಯ ಬಯಲೋ, ಕಟಾವಾದ ಗದ್ದೆಯೋ ಸಾಕು. ದೀಪ ತೇಲಿ ಬಿಡುವುದಾದರೆ ಮುತ್ತುಗದ ದೊನ್ನೆಯಲ್ಲಿ ಬಿಡಿ, ಥರ್ಮೋಕೋಲು ಬೇಡ. ಪಟಾಕಿ ಬೇಡವೇ ಬೇಡ. ರಂಗನತಿಟ್ಟಿನಲ್ಲಿ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ ಎಲ್ಲ ಮರಿ ಮಾಡಿ ಸಾಕುವ ಕಾಲ ಇದು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮ ಆಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು. ಆ ಹಕ್ಕಿಗಳು ಮೇವಿಗೆ ಬರುವುದು ಸುತ್ತಲಿನ ನಮ್ಮ ನಿಮ್ಮ ಕೆರೆ ಗದ್ದೆಗಳಿಗೇ. ಹಗಲು ನಮ್ಮ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕಿಗೆ ರಾತ್ರಿ ಡಿಜೆ ಹೊಡೆತ ಬೇಕೆ?

ಕಾನೂನೂ ನಿಮ್ಮ ಡಿಜೆಯ ಕಡೆಗಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಗಿಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು, ಅಷ್ಟೇ. ಹಾಗಾದರೆ ರಾತ್ರಿಯಿಡೀ ನಾಟಕ ಹೇಗೆ ಅನ್ನುತ್ತೀರಿ. ಮೈಕು ಬರುವ ಮೊದಲು ರಾತ್ರಿಯಿಡೀ ಆಡುತ್ತಿದ್ದವರು ಯಾರು? ಸಂಜೆ ಆರಕ್ಕೇ ಪರದೆ ಎಳೆಯಿರಿ, ಹತ್ತಕ್ಕೆ ಮೈಕು ಆರಿಸಿ, ಆಮೇಲಿನದನ್ನು ಗಂಟಲಲ್ಲಿ ನಡೆಸಿ. ತಾಲೀಮು ಆಗಿರುವ ಗಂಟಲಿಗೆ ಅದು ಕಷ್ಟವಲ್ಲ. ಪೊಲೀಸ್ ಸ್ಟೇಷನ್ನು, ಪಂಚಾಯಿತಿ, ಚೆಸ್ಕಾಂ ಮೂರು ಕಡೆಯೂ ಅರ್ಜಿಯನ್ನು ಮೊದಲೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ತೆಪ್ಪ, ಹರಿಗೋಲಿಗೆ ಜನ ಹತ್ತಿಸುವುದಾದರೆ ಲೈಫ್ ಜಾಕೆಟ್ ಇಲ್ಲದೆ ಒಬ್ಬರನ್ನೂ ಹತ್ತಿಸಬೇಡಿ. ಈಜು ಬಲ್ಲ ನಾಲ್ಕು ಜನ ಹಗಲೂ ರಾತ್ರಿ ಪಾಳಿಯಲ್ಲಿ ದಂಡೆ ಕಾಯಲಿ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದ ಮಕ್ಕಳು ಕೆರೆಗೆ ಇಳಿದು ಹೋದ ಸುದ್ದಿಯನ್ನು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಓದುತ್ತಿದ್ದೇವೆ. ಹೂಳು ಎತ್ತಿದ ಗುಂಡಿ ಮೇಲಿನಿಂದ ಕಾಣುವುದಿಲ್ಲ.

ಮಕ್ಕಳ ಶಿಬಿರದ ಬಗ್ಗೆ ಒಂದು ಸಾಲು ಬರೆದಿದ್ದಿರಿ, ಡ್ರಾಯಿಂಗ್ ಸ್ಪರ್ಧೆ ಅಂತ. ಸ್ಪರ್ಧೆ ತೆಗೆಯಿರಿ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಸೇರಿಸಲು ತಂದೆತಾಯಿಗಳು ಬೆಳಗಿನಿಂದ ಸಾಲು ನಿಲ್ಲುತ್ತಾರೆ. ಅಲ್ಲಿ ನಡೆಯುವುದೂ ತಾಲೀಮೇ, ಕೊನೆಯ ನಾಟಕ ನೆಪ. ನಮ್ಮಲ್ಲಿ ಅಷ್ಟು ದೊಡ್ಡದು ಬೇಕಿಲ್ಲ. ಕೆರೆ ಜೇಡಿಮಣ್ಣಿನಲ್ಲಿ ಎತ್ತು, ಆನೆ, ಗೌರಿ ಮಾಡಲಿ. ಅಳಿಗುಳಿಮಣೆ, ಚೌಕಾಬಾರವನ್ನು ಅಜ್ಜಿಯರಿಂದ ಕಲಿತು ಅಜ್ಜಿಯರನ್ನೇ ಸೋಲಿಸಲಿ. ಒಂದು ದಿನ ಬಸ್ಸು ಮಾಡಿ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಕರೆದುಕೊಂಡು ಹೋಗಿ. 1784ರಲ್ಲಿ ಕಟ್ಟಿದ ಟಿಪ್ಪುವಿನ ಬೇಸಿಗೆ ಅರಮನೆ ಅದು. ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರಿನ ಯುದ್ಧದ ಚಿತ್ರ ಇದೆ. ಗಾಡಿ ಸ್ಫೋಟಿಸುವುದು, ಬ್ರಿಟಿಷ್ ದಳಪತಿ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿರುವುದು, ಕುದುರೆ ಸಾಲುಗಳು. ಮಕ್ಕಳನ್ನು ಅದರ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರಿಸಿ, ಊರಿಗೆ ಬಂದ ಮೇಲೆ ನೋಡಿದ್ದನ್ನು ನೆನಪಿನಿಂದ ಬಿಡಿಸಲು ಹೇಳಿ. ಬಹುಮಾನ ಕೊಡಬೇಡಿ, ಎಲ್ಲ ಚಿತ್ರಗಳನ್ನೂ ಡೇರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ನೋಡುತ್ತಾರೆ.

ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಚುನಾವಣೆಗೆ ನಿಲ್ಲುವವರಿಂದ ದೊಡ್ಡ ಮೊತ್ತ ಬೇಡ. ಅವರು ಕೊಟ್ಟರೆ ಭಾಷಣವೂ ಬರುತ್ತದೆ, ಅವರ ಎದುರಾಳಿಯ ಮನೆಯವರು ಬರುವುದಿಲ್ಲ. ಮನೆಗೊಂದಿಷ್ಟು ಅಂತ ಸಮವಾಗಿ ಎತ್ತಿ, ಇಲ್ಲದವರು ರಾಗಿ ಕೊಡಲಿ, ಕಾಯಿ ಕೊಡಲಿ, ಒಂದು ದಿನದ ಕೆಲಸ ಕೊಡಲಿ. ಎಲ್ಲ ಮುಗಿದ ವಾರದೊಳಗೆ ಅರಳಿಕಟ್ಟೆಯ ಮೇಲೆ ನಿಂತು ಲೆಕ್ಕವನ್ನು ಗಟ್ಟಿಯಾಗಿ ಓದಿ. ಸನ್ಮಾನವನ್ನು ಕೊನೆಯ ದಿನ ನಾಟಕಕ್ಕೆ ಮೊದಲು ಅರ್ಧ ಗಂಟೆಯಲ್ಲಿ ಮುಗಿಸಿ. ದ್ರೌಪದಿ ಅಳುತ್ತಿರುವಾಗ ಪರದೆ ಎಳೆದು, ಇಂಥವರು ದುಶ್ಶಾಸನನಿಗೆ ಐನೂರು ರೂಪಾಯಿ ಕೊಟ್ಟಿದ್ದಾರೆ ಅಂತ ಮೈಕಿನಲ್ಲಿ ಕೂಗುವ ಅಭ್ಯಾಸ ನಿಮ್ಮ ಕಾಲಕ್ಕೆ ಸಾಯಲಿ.

ವೈರಮುಡಿಯ ದಿನ ಮಂಡ್ಯದ ಖಜಾನೆಯಿಂದ ಕಿರೀಟ ಹೊರಟು ಮೇಲುಕೋಟೆಗೆ ಹೋಗುವ ದಾರಿಯುದ್ದಕ್ಕೂ ಸಣ್ಣ ಸಣ್ಣ ಹಳ್ಳಿಗಳವರು ತೋರಣ ಕಟ್ಟಿ, ರಂಗೋಲಿ ಹಾಕಿ, ಪಾನಕ ಮಾಡಿ ಕಾಯುವುದನ್ನು ನೀವೂ ನೋಡಿದ್ದೀರಿ. ಕಿರೀಟದ ಪೆಟ್ಟಿಗೆ ಅವರ ಊರಲ್ಲಿ ನಿಲ್ಲುವುದು ಕೆಲವೇ ನಿಮಿಷ. ಆದರೂ ಬೆಳಗಿನಿಂದ ಊರೆಲ್ಲ ಎದ್ದು ಓಡಾಡಿರುತ್ತದೆ. ನಮ್ಮ ಜನಕ್ಕೆ ಕೈಗೆ ಕೆಲಸ ಕೊಟ್ಟರೆ ಬರುತ್ತಾರೆ, ಕುರ್ಚಿ ಕೊಟ್ಟರೆ ನಿದ್ದೆ ಮಾಡುತ್ತಾರೆ.

ಆದ್ದರಿಂದ ಆರ್ಕೆಸ್ಟ್ರಾಗೆ ಕೊಡಬೇಕೆಂದಿರುವ ಮುಂಗಡ ಇನ್ನೂ ಜೇಬಿನಲ್ಲೇ ಇರಲಿ. ಹೊಸತೊಡಕು ಕಳೆದ ಮಾರನೇ ಸಂಜೆ ಆರಕ್ಕೆ ಶಾಲೆಯ ಜಗಲಿಗೆ ಬನ್ನಿ. ತಂಗಿಯರನ್ನೂ ಕರೆತನ್ನಿ, ತಮಟೆಯ ಮನೆಯ ಹುಡುಗರಿಗೂ ನೀವೇ ಹೋಗಿ ಹೇಳಿ. ಮೇಷ್ಟ್ರ ಮೊದಲ ವಾರದ ಸಂಬಳ ನನ್ನ ಪೆನ್ಷನ್ನಿನಲ್ಲಿ ಕೊಡುತ್ತೇನೆ, ಮಿಕ್ಕ ವಾರಗಳದ್ದು ನಿಮ್ಮದು.